ನನ್ನ ಇಳಿಜಾರಿನ ಹುಲ್ಲಿಗೆ ತಾವು ತೋರಿದ ದಯೆ

ಮೇವಿನ ಹುಲ್ಲು ಸಂಶೋಧನಾ ಕೇಂದ್ರದ ನಿರ್ದೇಶಕರಾದ ಮಾನ್ಯರೇ,

ನನ್ನ ಇಳಿಜಾರು ಹೊಲದಲ್ಲಿ ತಮ್ಮ ಕೇಂದ್ರದವರು ಬಿತ್ತಿದ್ದ ಹುಲ್ಲು ಅರ್ಧಕ್ಕರ್ಧ ಸತ್ತಿತ್ತು. ಸತ್ತ ಜಾಗಕ್ಕೆಲ್ಲ ತಾವು ಒಂದೇ ದಿನದಲ್ಲಿ ಜೀವ ತುಂಬಿಸಿದಿರಿ. ದೇವರನ್ನು ನಂಬಿದವಳು ನಾನು. ಅವನೂ ಇಷ್ಟು ಬೇಗ ಪವಾಡ ಮಾಡಿದ್ದು ಕೇಳಿಲ್ಲ. ತೊಂದರೆ ಏನೆಂದರೆ, ಬದುಕಲಾರದ್ದು ಸಾಯಲಿ ಎಂದೇ ಬಿತ್ತಿದ ಹುಲ್ಲು ಅದು.

ಹಸು ಸಾಕುವವರ ಕಷ್ಟ ಹುಲ್ಲು ಎತ್ತರ ಬೆಳೆಯದಿರುವುದಲ್ಲ, ಎಳವೆಯಲ್ಲೇ ಸತ್ತುಹೋಗುವುದು. ಮೊಳೆತದ್ದು ಬಿಸಿಲಿಗೆ ಬಾಡುತ್ತದೆ, ಉಳಿದದ್ದನ್ನು ಕಳೆ ಮುಚ್ಚುತ್ತದೆ. ಅದನ್ನೂ ದಾಟಿದ್ದಕ್ಕೆ ಕರು ಬಾಯಿ ಹಾಕಿದರೆ, ಬಟ್ಟೆಯಿಂದ ದಾರ ಎಳೆದ ಹಾಗೆ ಬೇರುಸಮೇತ ಕಿತ್ತು ಬರುತ್ತದೆ. ತಮ್ಮಲ್ಲಿನ ತಳಿ ವಿಜ್ಞಾನಿ, ನಾವೆಲ್ಲ ಕರೆಯುವಂತೆ ಹುಲ್ಲು ಮೇಡಂ, ಎಳವೆಯಲ್ಲೇ ಗಟ್ಟಿ ಬೇರೂರುವ ಹುಲ್ಲನ್ನು ಹುಡುಕುತ್ತಿದ್ದರು. ದಾರಿ ಸರಳ: ಬಿತ್ತುವುದು, ನೀರು ಹಾಕದೆ ಕಳೆ ಕೀಳದೆ ಬಿಟ್ಟುಬಿಡುವುದು, ಬದುಕಿ ನಿಂತದ್ದರ ಬೀಜವನ್ನಷ್ಟೇ ಮತ್ತೆ ಬಿತ್ತುವುದು. ವರ್ಷ ವರ್ಷವೂ ಹೀಗೇ. ಇದಕ್ಕೆಂದು ನನ್ನ ಹೊಲ ಕೊಟ್ಟೆ. "ಅಮ್ಮಾ, ಪಾಪ ಅಂತ ಒಂದು ಚೊಂಬು ನೀರೂ ಹಾಕ್ಬಾರ್ದು ನೋಡಿ" ಎಂದು ಆಣೆ ಮಾಡಿಸಿಕೊಂಡಿದ್ದರು. ಬಾಡುವ ಸಸಿಯ ಮುಂದೆ ಕೊಡ ಹಿಡಿದು ನಿಂತು, ದೇವರ ಹೆಸರು ಹೇಳಿಕೊಂಡು ಹಾಗೇ ವಾಪಸ್ಸು ಬಂದಿದ್ದೇನೆ. ಕರುಣೆ ತಡೆದುಕೊಳ್ಳುವುದು ತಮಗೂ ಕಷ್ಟವಾಯಿತೇನೋ.

ಮೇಲಿನವರು ನೋಡಲು ಬರುತ್ತಾರೆ ಎಂಬ ಸುದ್ದಿ ಬಂದಾಗ ಮೇಡಂ ರಜೆಯಲ್ಲಿದ್ದರು. ತಾವು ಕಾರಿನಿಂದ ಇಳಿಯದೆಯೇ, "ಏನಮ್ಮಾ ಇದು, ಇಷ್ಟೊಂದು ಬೋಳು! ನೋಡಿದವರು ಏನಂತಾರೆ?" ಎಂದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಗಾಜು ಮೇಲೇರಿತು. ಮರುದಿನ ಆಳುಗಳು ನೆರಳುಮನೆಯಲ್ಲಿ ಬೆಳೆಸಿದ ಅದೇ ಹುಲ್ಲಿನ ಸಸಿಗಳನ್ನು ಟ್ರೇಗಟ್ಟಲೆ ತಂದು ಖಾಲಿ ಜಾಗಕ್ಕೆಲ್ಲ ನೆಟ್ಟರು.

"ನಿಲ್ಲಿಸ್ರಪ್ಪಾ, ಮೇಡಂ ಬರ್ಲಿ" ಎಂದೆ.

"ಸಾಹೇಬ್ರ ಆರ್ಡರ್ ಅಕ್ಕಾ. ಬೋಳು ತಲೆಗೆ ವಿಗ್ ಹಾಕ್ತಿದ್ದೀವಿ, ಬಾಚೋದೊಂದು ಬಾಕಿ" ಎಂದು ಮೇಸ್ತ್ರಿ ನಕ್ಕ.

ನೀರೂ ಬಿಟ್ಟರು. 'ನೀರು ಹಾಕಬಾರದು' ಎಂದು ಮೇಡಂ ನೆಟ್ಟಿದ್ದ ಫಲಕದ ಬೆನ್ನಿಗೆ 'ಸುಸ್ವಾಗತ' ಎಂದು ಬರೆಸಿ ತಿರುಗಿಸಿ ನಿಲ್ಲಿಸಿದಿರಿ. ಫಲಕ ದಂಡವಾಗಲಿಲ್ಲ, ಸಂತೋಷ. ಬಂದವರು ಫೋಟೊ ತೆಗೆಸಿಕೊಂಡು, ಒಂದೂ ಸಾಯದ ತಳಿ ಎಂದು ಹೊಗಳಿ ಹೋದರು.

ಮೇಡಂ ಬರುವ ಹೊತ್ತಿಗೆ ಹುಲ್ಲೆಲ್ಲ ಬುಡದಿಂದ ಹೊಸ ತೆಂಡೆ ಒಡೆದು ಹರಡಿ ಒಂದೇ ಸಮ ಆಗಿತ್ತು. ಬದುವಿನ ಮೇಲೆ ಕೂತು, "ಹುಟ್ಟಿದ್ದು ಯಾವ್ದು, ನೆಟ್ಟಿದ್ದು ಯಾವ್ದು, ಹೇಳಿ ಅಮ್ಮಾ" ಎಂದರು. ದಿನವೂ ಅಲ್ಲೇ ಓಡಾಡುವ ನನಗೂ ಗೊತ್ತಾಗಲಿಲ್ಲ. ಆ ಬೋಳು ಜಾಗಗಳೇ ಅವರ ಇಷ್ಟು ವರ್ಷದ ಫಸಲಾಗಿದ್ದವು ಮಾನ್ಯರೇ.

ಈಗ ಆ ಹೊಲದ ಬೀಜ ಕೊಯ್ದು ಊರೂರಿಗೆ ಹಂಚುತ್ತೀರಂತೆ. ನೆರಳಲ್ಲಿ ಮುದ್ದಾಗಿ ಬೆಳೆದದ್ದರ ಬೀಜವೂ, ಕಾದ ಮಣ್ಣಿನಲ್ಲಿ ಗೆದ್ದದ್ದರ ಬೀಜವೂ ಒಂದೇ ಚೀಲಕ್ಕೆ. ನನ್ನಂಥವರು ಅದನ್ನು ನಂಬಿ, ಇರುವ ಹಳೆಯ ಹುಲ್ಲನ್ನೂ ಉತ್ತುಹಾಕುತ್ತಾರೆ. ಆಮೇಲೆ ಅವರ ಕೊಟ್ಟಿಗೆಯಲ್ಲಿ ಹಸಿದು ಕೂಗುವ ಹಸುವಿಗೆ ಏನು ತೋರಿಸೋಣ, ಫೋಟೊವನ್ನೇ?

ಆದ್ದರಿಂದ ಆ ಬೀಜ ಯಾರಿಗೂ ಹೋಗಕೂಡದು. ಹುಲ್ಲನ್ನು ಕೊಯ್ದು ಮೇವಿಗೆ ಹಾಕಿ. ನೆಟ್ಟದ್ದು, ಹುಟ್ಟಿದ್ದು ಎಂದು ಹಸು ಭೇದ ಮಾಡುವುದಿಲ್ಲ. ಮೇಡಂ ಹತ್ತಿರ ಹಿಂದಿನ ವರ್ಷದ ಬೀಜ ಒಂದು ಡಬ್ಬಿಯಷ್ಟು ಉಳಿದಿದೆ. ಅದನ್ನು ಬಿತ್ತಲು ಬಿಡಿ, ನಾನು ಮತ್ತೆ ಹೊಲ ಕೊಡುತ್ತೇನೆ. ಅರ್ಧ ಸತ್ತಾಗ ತಾವೇ ಬಂದು ನೋಡಿ. ನೋಡಿ, ಏನೂ ಮಾಡದೆ ಹೋಗಿ. ತಮ್ಮನ್ನು ಕೇಳುವುದು ಅಷ್ಟೇ.

ಇಂತಿ,
ತಮ್ಮ ಯಶಸ್ಸಿಗೆ ಜಾಗ ಕೊಟ್ಟ ತಪ್ಪಿಗೆ ಪೆನ್ನು ಹಿಡಿಯಬೇಕಾಗಿ ಬಂದ
ಹಸು ಸಾಕುವ ಹೆಂಗಸು