ಕಂಬಳಿಯ ಮೇಲೆ ಕುಳಿತು ಕೊಟ್ಟ ಮಾತು

ಮಾನ್ಯ ಕಂದಾಯ ಸಾಹೇಬರೇ,

ನನ್ನ ಅಕ್ಷರ ಸೊಟ್ಟಗಿದೆ, ಕಾಗುಣಿತವೂ ತಪ್ಪಿರಬಹುದು, ಕ್ಷಮಿಸಬೇಕು. ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಓದಿದವಳು ನಾನು. ದೊಡ್ಡವರ ಎದುರು ನಿಂತರೆ ಮಾತು ಬರುವುದಿಲ್ಲ. ಅದಕ್ಕೇ ಪತ್ರಿಕೆಯವರ ಮೂಲಕ ಬರೆಯುತ್ತಿದ್ದೇನೆ. ಊರ ಕುರಿ-ದನ ಮೇಯುವ ಗಾಯರಾಣವನ್ನು ನೀವು ಜಮೀನುದಾರ ಬಸಂತರಾಯರಿಗೆ ಬಿಟ್ಟುಕೊಟ್ಟಿರಿ. ಅದು ಎಲ್ಲರಿಗೂ ಗೊತ್ತು. ಜೊತೆಗೆ ನನ್ನ ಅಪ್ಪನ ಮರ್ಯಾದೆಯನ್ನೂ ತೆಗೆದಿರಿ. ಅದು ನಿಮಗೆ ಗೊತ್ತಿರಲಿಕ್ಕಿಲ್ಲ.

ದೀಪಾವಳಿ ಮುಗಿದ ಮೇಲೆ ನಮ್ಮ ಹಟ್ಟಿಗೆ ಬಂದದ್ದು ನೆನಪಿದೆಯೇ? ಅಪ್ಪ ನಿಮಗೆ ಕರಿ ಕಂಬಳಿ ಹಾಸಿದ. ನಾವು ಕುರಿ ಕಾಯುವವರು. ನಮ್ಮಲ್ಲಿ ನ್ಯಾಯ ಹೇಳುವುದು, ಮದುವೆಯ ಮಾತು ಮುಗಿಸುವುದು ಎಲ್ಲ ಕಂಬಳಿಯ ಮೇಲೆ. ಅದರ ಮೇಲೆ ಕುಳಿತವರು ಸುಳ್ಳಾಡುವುದಿಲ್ಲ ಎಂದು ನಂಬಿದವರು. ನೀವು ಕುಳಿತಿರಿ, ಹಾಲು ಕುಡಿದಿರಿ, "ಗಾಯರಾಣ ಎಲ್ಲಿ ಹೋಗ್ತೈತಿ ಅಮೋಘಸಿದ್ಧ? ನಾ ಇಲ್ಲೇನು?" ಎಂದಿರಿ. ಗಾಯರಾಣ ಬಸಂತರಾಯರ ಪಾಲಾಗುತ್ತದೆಂಬ ಸುದ್ದಿ ಕೇಳಿ ಆಗ ಊರವರು ವಿಜಾಪುರದ ವಕೀಲರ ಹತ್ತಿರ ಹೊರಟಿದ್ದರು. ಅಪ್ಪನೇ ತಡೆದ.

"ಕಂಬಳಿ ಮ್ಯಾಲ ಕುಂತ ಮಾತ ಕೊಟ್ಟಾರ. ಇನ್ನ ವಕೀಲ ಯಾಕೋ?"

"ಸಾಹೇಬರೇನ ನಿನ್ನ ಬೀಗರೇನ?" ಎಂದ ಸಿದ್ದರಾಯ ಕಾಕಾ.

"ಬೀಗರಾಗಿದ್ರ ನಾನೂ ನಂಬತಿದ್ದಿಲ್ಲ ಬಿಡೋ!"

ಎಲ್ಲರೂ ನಕ್ಕು ಮನೆಗೆ ಹೋದರು.

ಯುಗಾದಿಗೆ ಮುಂಚೆಯೇ ಗಾಯರಾಣದ ಸುತ್ತ ಮುಳ್ಳುತಂತಿ ಬಿತ್ತು. ಆ ದಿನ ಸರಕಾರಿ ಜೀಪು ಬಸಂತರಾಯರ ಕಟ್ಟೆಯ ಮುಂದೆ ನಿಂತಿತ್ತು. ಉಳುವವನಿಗೆ ಭೂಮಿ ಎಂದು ಸರಕಾರ ಸಾರುತ್ತಿದೆ, ಸಂತೋಷ. ಬಸಂತರಾಯರು ನೇಗಿಲು ಮುಟ್ಟಿದ್ದನ್ನು ನಾವು ಯಾರೂ ಕಂಡಿಲ್ಲ. ನಿಮ್ಮ ಕಣ್ಣಿಗೆ ಮಾತ್ರ ಬಿದ್ದಿರಬೇಕು. ಅಪ್ಪ ಕಚೇರಿಗೆ ಬಂದು ಕೊಟ್ಟ ಮಾತು ನೆನಪಿಸಿದಾಗ ನೀವು ಕೇಳಿದಿರಂತೆ: "ಹಾಸಿದ್ರಿ, ಕುಂತೆ. ಕಂಬಳಿ ಯಾವ ಕಾಯದೇದಾಗ ಐತಿ?" ಜವಾನರೂ ನಕ್ಕರಂತೆ. ಮಾತಿಗೂ ಕಾಯದೆ ಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ. ನಿಮ್ಮ ಮೇಲೆ ದೂರು ಕೊಡೋಣವೆಂದರೆ ಅದು ವಿಚಾರಣೆಗೆ ನಿಮ್ಮ ಮೇಜಿಗೇ ಬರುತ್ತದೆಯಂತೆ. ಎಂಥ ಅನುಕೂಲ!

ಈಗ ಊರಲ್ಲಿ ಬೇರೆಯೇ ಮಾತು. ಬಾವಿಗೆ ಹೋದರೆ ರೇಣವ್ವ ಕೇಳುತ್ತಾಳೆ, "ಏನವಾ ಸಾತವ್ವ, ಸಾಹೇಬರು ನಿಮ್ಮಪ್ಪಗ ಏನ ಕೊಟ್ರು? ನಮ್ಮನ್ನೆಲ್ಲಾ ಛಲೋ ಮಲಗಿಸಿದ ನೋಡು!" ನಾನು ಕೊಡ ಎತ್ತಿಕೊಂಡು ಬಂದುಬಿಡುತ್ತೇನೆ. ಅಪ್ಪ ತಿಂದವನಲ್ಲ, ನಂಬಿದವನು. ಊರಿಗೆ ಈಗ ಎರಡೂ ಒಂದೇ ಆಗಿವೆ. ಮೊದಲು ಯಾರ ಮನೆಯ ಜಗಳಕ್ಕೂ ಅಪ್ಪನನ್ನು ಕರೆಯುತ್ತಿದ್ದರು. ಈಗ ಕರೆಯುವುದಿಲ್ಲ. ಅಪ್ಪ ಯಾರನ್ನೂ ಬೈಯುವುದಿಲ್ಲ, ನಿಮ್ಮನ್ನೂ ಸಹ. ಬೈದಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಗಾಯರಾಣ ತಿರುಗಿ ಬರುತ್ತದೆಂಬ ಆಸೆ ನನಗಿಲ್ಲ. ನಾನು ಕೇಳುವುದು ಒಂದೇ. ನಮ್ಮೂರ ಚಾವಡಿಗೆ ಬನ್ನಿ. "ಅಮೋಘಸಿದ್ಧ ಏನೂ ತೆಗೆದುಕೊಂಡಿಲ್ಲ, ಸುಳ್ಳು ಹೇಳಿದವನು ನಾನು" ಎಂದು ಜನರ ಮುಂದೆ ಹೇಳಿ. ಕೂಡ್ರುವುದು ಬೇಡ, ನಿಂತೇ ಹೇಳಿ. ನೀವು ಬರುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಇಂದು ಮುಂಜಾನೆ ಮರಿಗಳಿಗೆ ಮೇವು ಇರಲಿಲ್ಲ. ಬಾಗಿಲ ಮುಂದಿನ ಬೇವಿನ ಗಿಡದ ಕೊಂಬೆಗಳನ್ನು ಕಡಿದು ಹಾಕಿದೆ. ಅಪ್ಪ ಅದೇ ಗಿಡದ ಕೆಳಗೆ ಕುಳಿತಿದ್ದ. ಬಿಸಿಲು ಮೈಮೇಲೆ ಬಂದರೂ ಏಳಲಿಲ್ಲ.

ಇಂತಿ,
ಈ ಪತ್ರವನ್ನು ಅಪ್ಪನಿಗೆ ಓದಿ ಹೇಳಲಾರದ ಮಗಳು,
ಸಾತವ್ವ