ಅಪ್ಪನ ರಿವಾಲ್ವರಿನ ಮಸಿ

ತಿಪ್ಪೇಶಣ್ಣಾ,

ನಿನ್ನೆ ನಮ್ಮ ಕಂಪ್ಲಿ ಮಿಲ್ಲಿನ ಗೇಟಿನಲ್ಲಿ, ಕಕ್ಕಸು ಕಟ್ಟಿಸಿಕೊಡ್ರಿ ಎಂದು ಕೇಳಲು ನಿಂತಿದ್ದ ಹೆಂಗಸರ ತಲೆಯ ಮೇಲಿಂದ ನೀನು ಅಪ್ಪನ ರಿವಾಲ್ವರಿನಿಂದ ಗುಂಡು ಹಾರಿಸಿದೆ.

ಅನ್ನ ಮಾಡಿಟ್ಟಿದ್ದೀನಿ. ಪುಂಡಿಪಲ್ಯ ಮುಚ್ಚಿಟ್ಟಿದ್ದೀನಿ, ಬೆಕ್ಕು ಬಾಯಿ ಹಾಕೀತು, ನೋಡಿಕೋ.

ಪೊಲೀಸರು ಬರುವುದರೊಳಗೆ ರಿವಾಲ್ವರಿನ ಮಸಿ ಹೋಗಲಿ ಎಂದು ಅತ್ತಿಗೆ ಮುಂಜಾನೆ ಹುಣಸೆಹಣ್ಣು, ಬೂದಿ ಕಲಸಿಕೊಂಡು ಕೂತಿದ್ದಳು, ದೀಪದ ಹಿತ್ತಾಳೆ ಸಮೆ ತಿಕ್ಕುವವರ ಹಾಗೆ. ಕೈಯಿಂದ ಕಸಿದುಕೊಂಡೆ. ಹುಳಿ ನಿಕ್ಕಲ್ ಲೇಪವನ್ನು ತಿನ್ನುತ್ತದೆ, ಬೂದಿ ಗೀರು ಎಬ್ಬಿಸುತ್ತದೆ. ಹಳೇ ಧೋತರದ ಮೆತ್ತನೆ ಚೂರಿಗೆ ಬಂದೂಕಿನ ಎಣ್ಣೆ ಸವರಿ, ಒತ್ತದೆ, ಅವಸರ ಮಾಡದೆ ಒರೆಸಬೇಕು. ಅಪ್ಪ ಇದ್ದಾಗ ಪ್ರತಿ ಆಯುಧಪೂಜೆಗೂ ಅದನ್ನು ನನ್ನ ಕೈಲೇ ಮಾಡಿಸುತ್ತಿದ್ದ. "ಇದು ಹೂವು ಏರಿಸಾಕ ಐತವ್ವಾ, ಯಾರಿಗೂ ತೋರಿಸಾಕಲ್ಲ" ಅಂತಿದ್ದ.

"ಗಾಳಿಗೆ ಹೊಡದೆ, ಯಾರಿಗೇನಾತು?" ಅಂದಿ ನೀನು. ಗೇಟಿಗೆ ಒರಗಿ ನಿಂತಿದ್ದ ಕೊಟ್ರಮ್ಮನಿಗೆ ಬಲಗಿವಿ ಕೇಳುತ್ತಿಲ್ಲ. ನಮ್ಮ ಭತ್ತ ತೂರಿ ತೂರಿ ಮುದುಕಿಯಾದವಳು ಇವತ್ತಿಗೂ ಜಾಲಿಗಿಡದ ಮರೆ ಹುಡುಕಿಕೊಂಡು ಹೋಗುತ್ತಾಳೆ. ನಿನ್ನ ಆಫೀಸಿನೊಳಗೆ ಬಿಳೀ ಟೈಲ್ಸಿನ ಕಕ್ಕಸಿದೆ, ಅದಕ್ಕೆ ಬೀಗ ಬೇರೆ.

ಆಕೆಯನ್ನು ಹೊಸಪೇಟೆ ದವಾಖಾನೆಗೆ, ಅಲ್ಲಿಂದ ಠಾಣೆಗೆ ಕರೆದುಕೊಂಡು ಹೊರಟಿದ್ದೀನಿ. ನೋಡಿದ್ದನ್ನು ನಾನೂ ಬರೆಸುತ್ತೀನಿ. ರಿವಾಲ್ವರ್ ಕಪಾಟಿನಲ್ಲಿದೆ, ಮಸಿ ಇದ್ದ ಹಾಗೇ ಇದೆ, ಕೀಲಿ ನನ್ನ ಹತ್ತಿರ. ಅತ್ತಿಗೆಯನ್ನು ಬೈಯಬ್ಯಾಡ.

"ನಿನಗಷ್ಟೇ ಬರ್ತದ, ನೀನೇ ಒರೆಸಿಡು" ಅಂತ ಹೇಳಿ ಹೋಗಿದ್ದಿ. ಹೌದು, ನನಗೆ ಬರ್ತದ. ನಾನು ಒರೆಸೋದಿಲ್ಲ.

ಗಂಗಾ