ಹದಿನಾಲ್ಕು ಪೊಟ್ಟಣ

ಮಾರ್ಚ್ 3, ಬೆಳಿಗ್ಗೆ
ಮಂಡಿಗೆ ಎಣ್ಣೆ. ಸಕ್ಕರೆಯಿಲ್ಲದ ಕಾಫಿ — ಸೊಸೆಯ ಕೃಪೆ. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್. ರಿಟೈರಾಗಿ ಒಂಬತ್ತು ವರ್ಷವಾದ ಮೇಲೆ ಈ ಕಾಂಪೌಂಡರಮ್ಮನ ನೆನಪಾಯಿತು. ಮಕ್ಕಳ ಫಿಟ್ಸ್ ಸಿರಪ್ ಎಲ್ಲೂ ಸ್ಟಾಕ್ ಇಲ್ಲವಂತೆ. ಸಿಗುವುದು ದೊಡ್ಡವರ ಮಾತ್ರೆ ಮಾತ್ರ. ಎರಡು ವರ್ಷದ ಹೆಣ್ಣುಮಗು, ಬಾಟಲಿಯಲ್ಲಿ ಉಳಿದಿರುವುದು ಮೂರೇ ದಿನದ್ದು.
“ಹಿಂದೆ ಮಾತ್ರೆ ಅರೆದು ಪೊಟ್ಟಣ ಕಟ್ತಿದ್ರಲ್ಲ, ಈಗ ಆಗುತ್ತಾ?” ಅಂದರು ಡಾಕ್ಟರು.
ಆಗುತ್ತೆ ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ಕೈ ನೋಡಿಕೊಂಡೆ. ಮದ್ದು ಅರೆದು ಎಷ್ಟು ವರ್ಷವಾಯಿತು…

ಮಾರ್ಚ್ 5
ಸೊಸೆ ಸ್ಕೂಟರಿನಲ್ಲಿ ಆಸ್ಪತ್ರೆಗೆ ಬಿಟ್ಟಳು. ಮಾತ್ರೆ ಅರೆಯುವ ನನ್ನ ಹಳೇ ಪಿಂಗಾಣಿ ಕಲಬತ್ತಿನಲ್ಲಿ ಪೆನ್ನು ಇಟ್ಟುಕೊಂಡಿದ್ದಾರೆ, ಪುಣ್ಯಾತ್ಮರು. ತೊಳೆದೆ, ಮತ್ತೆ ತೊಳೆದೆ. ಮಾತ್ರೆ ಅರೆದು ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆಯ ಪುಡಿ ಬೆರೆಸಿದೆ — ಮೊದಲು ಚಿಟಿಕೆ, ಆಮೇಲೆ ಚಮಚ. ಒಮ್ಮೆಲೇ ಸುರಿದರೆ ಒಂದು ಪೊಟ್ಟಣದಲ್ಲಿ ಮದ್ದು ಹೆಚ್ಚು, ಇನ್ನೊಂದರಲ್ಲಿ ಬರೀ ಸಿಹಿ.
ಈಗಿನ ಫಾರ್ಮಸಿಸ್ಟ್ ಒಂದೊಂದನ್ನೂ ತೂಗಿದಳು. “ಮೇಡಂ, ಇವೆರಡು ಸ್ವಲ್ಪ ಜಾಸ್ತಿ.” ಸಿಟ್ಟು ಬಂತು. ನುಂಗಿಕೊಂಡೆ, ಅವಳ ಮಾತು ಸರಿಯಿತ್ತು. ಮತ್ತೆ ಕಟ್ಟಿದೆ. ದಿನಕ್ಕೆರಡರಂತೆ ವಾರಕ್ಕೆ ಹದಿನಾಲ್ಕು. ಲೆಕ್ಕಕ್ಕೆ ಖಾಲಿ ಪೊಟ್ಟಣದ ಕಾಗದ ವಾಪಸ್ ತರಬೇಕೆಂದು ಮಗುವಿನ ತಾಯಿಗೆ ಹೇಳಿದ್ದೇನೆ.

ಮಾರ್ಚ್ 12
ಹನ್ನೆರಡು ಖಾಲಿ ಕಾಗದ. ಬಿಚ್ಚದ ಪೊಟ್ಟಣ ಎರಡು.
ತಾಯಿ ತಲೆ ತಗ್ಗಿಸಿದಳು. “ಉಳಿಸಿಟ್ಟೆ ಅಮ್ಮ. ನಾಳೆ ನಿಮಗೇ ಹುಷಾರಿಲ್ಲ ಅಂದ್ರೆ?”
ಮೊನ್ನೆ ಮಗುವಿಗೆ ಫಿಟ್ಸ್ ಬಂದು ಹೋಗಿದೆ. ಬಾಯಿಗೆ ಬಂದಂತೆ ಬೈದೆ. ಮನೆಗೆ ಬಂದರೆ ಊಟ ಸೇರಲಿಲ್ಲ. ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು? ಅರವತ್ತೊಂಬತ್ತರ ಮುದುಕಿಯ ಕೈ ನಂಬಿಕೊಂಡು ಯಾವ ತಾಯಿ ನಿಶ್ಚಿಂತೆಯಾಗಿರುತ್ತಾಳೆ…

ಮಾರ್ಚ್ 13
ಫಾರ್ಮಸಿಸ್ಟನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವಳ ಮೊದಲ ಪೊಟ್ಟಣ ಕಡಲೆಬೀಜ ಕಟ್ಟಿದ ಹಾಗಿತ್ತು. ಹಾಗೇ ಹೇಳಿದೆ, ನಕ್ಕಳು. ಸಂಜೆಗೆ ನನಗಿಂತ ಚೊಕ್ಕ. ತಾಯಿಯನ್ನು ಕರೆಸಿ ತೋರಿಸಿದೆ. “ನೋಡಮ್ಮ, ನಾನಿಲ್ದಿದ್ರೆ ಇವಳಿದಾಳೆ. ಇನ್ನು ಕೂಡಿಡಬೇಡ.” ತಲೆಯಾಡಿಸಿದಳು. ನಂಬಿದಳೋ ಇಲ್ಲವೋ.

ಮಾರ್ಚ್ 27, ಸಂಜೆ
ಹತ್ತು ದಿನ ಜ್ವರ. ಸೊಸೆ ಡೈರಿಯನ್ನೂ ಕಿತ್ತಿಟ್ಟಿದ್ದಳು. ಬೈದುಕೊಂಡೆ. ಅವಳಿಲ್ಲದಿದ್ದರೆ ಎದ್ದು ಕೂರುತ್ತಿರಲಿಲ್ಲ, ಅದೂ ಗೊತ್ತು.
ಇವತ್ತು ಫಾರ್ಮಸಿಸ್ಟ್, ತಾಯಿ, ಮಗು ಮನೆಗೇ ಬಂದರು. ಸಿರಪ್ ಇನ್ನೂ ಬಂದಿಲ್ಲ. ನಾನು ಮಲಗಿದ್ದಾಗ ಪೊಟ್ಟಣ ಕಟ್ಟಿದವಳು ಫಾರ್ಮಸಿಸ್ಟ್, ತೂಗಿ ನೋಡಿದವರು ನರ್ಸ್. ಫಿಟ್ಸ್ ಒಂದು ಸಲವೂ ಬಂದಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಫಾರ್ಮಸಿಸ್ಟ್ ಹುಡುಗಿಯ ಕೈ ಹಿಡಿದುಕೊಂಡೆ.
ತಾಯಿ ಈ ವಾರದ ಕಾಗದಗಳನ್ನು ನನ್ನ ಮಡಿಲಲ್ಲಿಟ್ಟಳು. “ಲೆಕ್ಕ ನೋಡಿ ಅಮ್ಮ. ಒಂದನ್ನೂ ಉಳಿಸಿಲ್ಲ.”
ಸೊಸೆಯೂ ಸೇರಿ ಮೂವರೂ ಕಾಫಿಗೆಂದು ಅಡುಗೆಮನೆಗೆ ಹೋಗಿದ್ದಾರೆ, ನನ್ನದೇ ಮಾತಿರಬೇಕು. ಮಗು ನನ್ನ ಕಾಲ ಬಳಿ. ಎಣಿಸುತ್ತಾ ಬರೆಯುತ್ತಿದ್ದೇನೆ. ಎಲ್ಲವೂ ಖಾಲಿ. ಖಾಲಿ ಕಾಗದ ನೋಡಿ ಇಷ್ಟು ಖುಷಿ ಎಂದೂ ಆಗಿರಲಿಲ್ಲ. ಹನ್ನೊಂದು, ಹನ್ನೆರಡು, ಹದಿಮೂರು… ಹದಿನಾಲ್ಕನೆಯದನ್ನು ಈ ಪೋರಿ ಕಿತ್ತುಕೊಂಡು ಓಡುತ್ತಿದ್ದಾಳೆ, ತಡಿ —